ವಿಆರ್ ಆಟ ನಮ್ಮೂರಿಗೆ ಯಾವಾಗ ಬರುತ್ತದೆ?

ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್ ಕಥೆ ಗೊತ್ತಿಲ್ಲದವರು ನಮ್ಮ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ. ‘ಇನ್ನೊಂದು ತಿಂಗಳು’, ‘ಈ ಮಳೆಗಾಲ ಮುಗಿಯಲಿ’, ‘ಬರುವ ವರ್ಷ ಖಂಡಿತ’ ಎಂದು ಸುಮಾರು ಹತ್ತು ವರ್ಷ ಎಳೆದು ಕೊನೆಗೆ 2020ರ ಜನವರಿ 31ರಂದು ಅದು ಉದ್ಘಾಟನೆ ಆಯಿತು. ಅಷ್ಟರೊಳಗೆ ಅದರ ಮೇಲೆ ವಾಟ್ಸಾಪ್‌ನಲ್ಲಿ ಓಡಾಡಿದ ಜೋಕುಗಳನ್ನು ಒಟ್ಟು ಮಾಡಿದ್ದರೆ ಒಂದು ದಪ್ಪ ಪುಸ್ತಕ ಆಗುತ್ತಿತ್ತು.

ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಇನ್ನೊಂದು ವಸ್ತುವೂ ‘ಬರುವ ವರ್ಷ ಖಂಡಿತ’ ಎನ್ನುತ್ತಾ ಇತ್ತು. ಅದು ವಿಆರ್, ವರ್ಚುವಲ್ ರಿಯಾಲಿಟಿ. ಕಣ್ಣಿಗೆ ಒಂದು ಡಬ್ಬಿ ಕಟ್ಟಿಕೊಂಡರೆ ಸಾಕು, ಆಟದ ಒಳಗೇ ಹೋಗಿಬಿಡಬಹುದು ಎಂದರು. ತಲೆ ತಿರುಗಿಸಿದ ಕಡೆ ಆಟದ ಲೋಕವೂ ತಿರುಗುತ್ತದೆ. ಕೈ ಬೀಸಿದರೆ ಒಳಗೆ ಕತ್ತಿ ಬೀಸುತ್ತದೆ. 2016ನ್ನಂತೂ ‘ವಿಆರ್ ವರ್ಷ’ ಎಂದೇ ಜಗತ್ತಿನ ಪತ್ರಿಕೆಗಳು ಕರೆದವು. ಫ್ಲೈಓವರ್ ಆದರೂ ಬಂತು. ವಿಆರ್ ಮಾತ್ರ ನಮ್ಮ ಯಾರ ಮನೆಗೂ ಬರಲಿಲ್ಲ.

ಇದನ್ನು ಈಗ ಬರೆಯಲಿಕ್ಕೆ ಒಂದು ಕಾರಣ ಉಂಟು.

ಮಾವನ ಪ್ರಶ್ನೆ

ನಾವು ಮೂವರು ಬೇರೆ ಬೇರೆ ಹಳ್ಳಿಯವರು. ಪತ್ರಿಕೋದ್ಯಮ ಓದಿ ಈಗ ಪಂಪ್‌ವೆಲ್ ಹತ್ತಿರ ಬಾಡಿಗೆ ಕೋಣೆಯಲ್ಲಿ ಇದ್ದೇವೆ. ಬಿ.ಸಿ.ರೋಡ್ ಕಡೆಯಿಂದ ಬರುವ ಬಸ್ಸೂ ತೊಕ್ಕೊಟ್ಟು ಕಡೆಯಿಂದ ಬರುವ ಬಸ್ಸೂ ಇಲ್ಲೇ ನಿಲ್ಲುವುದರಿಂದ ಊರಿನವರು ಯಾರೇ ಮಂಗಳೂರಿಗೆ ಬಂದರೂ ನಮ್ಮ ಕೋಣೆಗೆ ಒಂದು ಸಲ ಇಣುಕಿ ಹೋಗುತ್ತಾರೆ. ಹಾಗೆ ಬಂದವರು ನಮ್ಮಲ್ಲೊಬ್ಬನ ಸೋದರಮಾವ. ನಾಲ್ಕು ದನ, ಸ್ವಲ್ಪ ಅಡಿಕೆ ತೋಟ, ಮೊದಲ ಪಿಯುಸಿ ಓದುವ ಮಗ.

ಮಗ ಒಂದು ವಿಆರ್ ಹೆಡ್‌ಸೆಟ್ ಬೇಕು ಎಂದು ಹಟ ಹಿಡಿದಿದ್ದಾನೆ. ಗಲ್ಫ್‌ನಿಂದ ರಜೆಗೆ ಬಂದ ಪರಿಚಯದವರೊಬ್ಬರು ತಾವು ತಂದ ಕ್ವೆಸ್ಟ್ 3ಎಸ್ ಎಂಬ ಹೆಡ್‌ಸೆಟ್ಟನ್ನು 25,000 ರೂಪಾಯಿಗೆ ಕೊಡುತ್ತೇನೆ ಎಂದಿದ್ದಾರೆ. ಮಾವ ಚಾ ಕುಡಿದು ಲೋಟ ಕೆಳಗಿಟ್ಟು ಕೇಳಿದರು:

‘ನೀವೆಲ್ಲ ಪೇಪರಿನವರಲ್ವಾ. ಈ ಕಣ್ಣಿಗೆ ಕಟ್ಟುವ ಡಬ್ಬಿ ತೆಗೊಂಡ್ರೆ ಹುಡುಗ ಹಾಳಾಗ್ತಾನಾ, ಉದ್ಧಾರ ಆಗ್ತಾನಾ? ಒಂದೇ ಮಾತಲ್ಲಿ ಹೇಳಿ.’

ಒಂದೇ ಮಾತಲ್ಲಿ ಹೇಳಲಿಕ್ಕೆ ನಮ್ಮಿಂದ ಆಗಲಿಲ್ಲ. ಎರಡು ವಾರ ಹುಡುಕಿದೆವು, ಓದಿದೆವು, ಅಂಗಡಿ ಅಂಗಡಿ ತಿರುಗಿದೆವು. ಇಂಥದ್ದೇ ಪ್ರಶ್ನೆ ನಿಮ್ಮ ಮನೆಯಲ್ಲೂ ಬಂದಿರಬಹುದು, ಇಲ್ಲವೇ ಬರಬಹುದು. ಹಾಗಾಗಿ ಸಿಕ್ಕಿದ್ದನ್ನೆಲ್ಲ ಇಲ್ಲಿ ಹೇಳುತ್ತಿದ್ದೇವೆ.

ಬೆಲೆ ಇಳಿದದ್ದು ಹೌದು

ಮೊದಲು ಬೆಲೆಯ ವಿಷಯ.

ಕಣ್ಣಿಗೆ ಕಟ್ಟುವ ಆಟದ ಪೆಟ್ಟಿಗೆ ಹೊಸದೇನೂ ಅಲ್ಲ. ಜಪಾನಿನ ನಿಂಟೆಂಡೊ ಕಂಪನಿ 1995ರಲ್ಲೇ ‘ವರ್ಚುವಲ್ ಬಾಯ್’ ಎಂಬುದನ್ನು ಮಾರುಕಟ್ಟೆಗೆ ಬಿಟ್ಟಿತ್ತು. ಅದರಲ್ಲಿ ಕಾಣುತ್ತಿದ್ದದ್ದು ಕೆಂಪು ಬಣ್ಣ ಒಂದೇ. ಆಡಿದವರಿಗೆ ತಲೆನೋವು. ಮರುವರ್ಷವೇ ಅಂಗಡಿ ಮುಚ್ಚಿತು.

ಮತ್ತೆ ಜೀವ ಬಂದದ್ದು 2012ರಲ್ಲಿ. ಅಮೆರಿಕದ ಪಾಮರ್ ಲಕಿ ಎಂಬ ಹುಡುಗ ‘ಆಕ್ಯುಲಸ್ ರಿಫ್ಟ್’ ಎಂಬ ಹೆಡ್‌ಸೆಟ್ ಮಾಡುತ್ತೇನೆ, ದುಡ್ಡು ಹಾಕಿ ಎಂದು ಇಂಟರ್‌ನೆಟ್‌ನಲ್ಲಿ ಕೇಳಿಕೊಂಡ. ಜನ ಸುಮಾರು 24 ಲಕ್ಷ ಡಾಲರ್ ಕೊಟ್ಟರು. 2014ರಲ್ಲಿ ಫೇಸ್‌ಬುಕ್ ಆ ಕಂಪನಿಯನ್ನು ಸುಮಾರು 200 ಕೋಟಿ ಡಾಲರಿಗೆ ಕೊಂಡುಕೊಂಡಿತು. 2016ರಲ್ಲಿ ರಿಫ್ಟ್ ಅಂಗಡಿಗೆ ಬಂದಾಗ ಬೆಲೆ 599 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 40,000 ರೂಪಾಯಿ. ಅಷ್ಟಕ್ಕೆ ಮುಗಿಯಲಿಲ್ಲ. ಅದನ್ನು ಓಡಿಸಲಿಕ್ಕೆ ದೊಡ್ಡ ಕಂಪ್ಯೂಟರ್ ಬೇಕಿತ್ತು. ಎರಡೂ ಸೇರಿಸಿ ಮಾರಿದ್ದು 1,499 ಡಾಲರಿನಿಂದ ಮೇಲೆ, ಅಂದರೆ ಒಂದು ಲಕ್ಷ ರೂಪಾಯಿ.

ಮುಂದೆ ಕಂಪ್ಯೂಟರ್ ಬೇಡದ ಹೆಡ್‌ಸೆಟ್ ಬಂತು. 2019ರಲ್ಲಿ ಕ್ವೆಸ್ಟ್ 399 ಡಾಲರ್, 2020ರಲ್ಲಿ ಕ್ವೆಸ್ಟ್ 2 ಇನ್ನೂ ಕಡಿಮೆಯಾಗಿ 299 ಡಾಲರ್. 2024ರ ಅಕ್ಟೋಬರಿನಲ್ಲಿ ಬಂದ ಕ್ವೆಸ್ಟ್ 3ಎಸ್ ಕೂಡ 299 ಡಾಲರ್, ಹೆಚ್ಚುಕಡಿಮೆ 25,000 ರೂಪಾಯಿ. ಮಾವನ ಮಗ ಕೇಳಿದ್ದು ಇದನ್ನೇ. ಎಂಟು ವರ್ಷದಲ್ಲಿ ಲಕ್ಷದಿಂದ ಕಾಲು ಲಕ್ಷಕ್ಕೆ ಇಳಿದದ್ದು ಸಣ್ಣ ಮಾತಲ್ಲ.

ದುಬಾರಿಯವು ಈಗಲೂ ಉಂಟು. ಸೋನಿಯ ಪಿಎಸ್ ವಿಆರ್ 2 ಭಾರತಕ್ಕೆ ಬಂದಾಗ ಅದರ ಬೆಲೆ 57,999 ರೂಪಾಯಿ, ಜೊತೆಗೆ ಅರ್ಧ ಲಕ್ಷದ ಪ್ಲೇಸ್ಟೇಷನ್ 5 ಬೇರೆ ಬೇಕು. 2024ರಲ್ಲಿ ಆಪಲ್ ಕಂಪನಿ ಬಿಟ್ಟ ವಿಷನ್ ಪ್ರೊ ಬೆಲೆ 3,499 ಡಾಲರ್. ಅಷ್ಟರಲ್ಲಿ ನಮ್ಮೂರಿನಲ್ಲಿ ಎರಡು ಮೂರು ಜನಕ್ಕೆ ಬೈಕ್ ಬರುತ್ತದೆ.

ಆದರೆ ಬೆಲೆ ಇಳಿದರೆ ಮತ್ತೆ ಏರುವುದಿಲ್ಲ ಎಂಬ ನಂಬಿಕೆ ಬೇಡ. 299 ಡಾಲರಿನ ಕ್ವೆಸ್ಟ್ 2 ಬೆಲೆಯನ್ನು 2022ರ ಆಗಸ್ಟಿನಲ್ಲಿ ಕಂಪನಿ 399ಕ್ಕೆ ಏರಿಸಿತು. ಎರಡು ವರ್ಷ ಹಳೆಯ ವಸ್ತುವಿಗೆ ನೂರು ಡಾಲರ್ ಜಾಸ್ತಿ! ಫೇಸ್‌ಬುಕ್‌ನ ಈಗಿನ ಹೆಸರು ಮೆಟಾ. ವಿಆರ್ ಮತ್ತು ಅದರ ಸುತ್ತಲಿನ ಕೆಲಸ ನೋಡಿಕೊಳ್ಳುವ ಅದರ ವಿಭಾಗಕ್ಕೆ 2024ರ ಒಂದೇ ವರ್ಷದಲ್ಲಿ ಸುಮಾರು 1,770 ಕೋಟಿ ಡಾಲರ್ ನಷ್ಟ ಆಗಿದೆ. ಈಗ ಕಾಣುವ ಅಗ್ಗದ ಹಿಂದೆ ಕಂಪನಿಯ ಕೈಯಿಂದ ಹೋಗುವ ದುಡ್ಡು ಉಂಟು. ಅವರಿಗೆ ಸಾಕೆನಿಸಿದ ದಿನ ಈ ಅಗ್ಗವೂ ನಿಲ್ಲಬಹುದು.

ಮುನ್ನೂರು ರೂಪಾಯಿಯ ಡಬ್ಬಿ

‘ಇಪ್ಪತ್ತೈದು ಸಾವಿರ ಯಾಕೆ, ಮುನ್ನೂರು ರೂಪಾಯಿಗೂ ವಿಆರ್ ಸಿಗ್ತದಲ್ಲ’ ಎಂದು ನೀವು ಕೇಳಬಹುದು. ಸಿಗುತ್ತದೆ. ಅದರ ಕಥೆ ಬೇರೆ.

2014ರಲ್ಲಿ ಗೂಗಲ್ ಕಂಪನಿ ರಟ್ಟಿನ ಒಂದು ಪೆಟ್ಟಿಗೆ ಮಾಡಿತು. ಹೆಸರೇ ‘ಕಾರ್ಡ್‌ಬೋರ್ಡ್’. ಎರಡು ಮಸೂರ, ಒಂದಷ್ಟು ರಟ್ಟು. ಎದುರಿಗೆ ನಮ್ಮದೇ ಫೋನ್ ಸಿಕ್ಕಿಸಿದರೆ ಆಯಿತು. 2015ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಪೇಪರಿನ ಜೊತೆಗೇ ಇದನ್ನು ಹಂಚಿತು. ಜಗತ್ತಿಗೆ ಒಟ್ಟು ಒಂದೂವರೆ ಕೋಟಿಗಿಂತ ಹೆಚ್ಚು ಹೋಗಿವೆ ಎಂದು ಗೂಗಲ್ಲೇ ಹೇಳಿತ್ತು. ಅಷ್ಟು ಹೋದರೂ 2021ರಲ್ಲಿ ಗೂಗಲ್ ತನ್ನ ಅಂಗಡಿಯಲ್ಲಿ ಅದರ ಮಾರಾಟ ನಿಲ್ಲಿಸಿತು. ನಮ್ಮ ದೇಶದಲ್ಲಿ 2023ರ ಐಪಿಎಲ್ ಸಮಯಕ್ಕೆ ಜಿಯೋ ಕಂಪನಿ ‘ಜಿಯೋಡೈವ್’ ಎಂಬುದನ್ನು 1,299 ರೂಪಾಯಿಗೆ ಬಿಟ್ಟಿತು. ಅದರೊಳಗೂ ನಮ್ಮದೇ ಫೋನ್ ಇಟ್ಟು ಮ್ಯಾಚ್ ನೋಡಬೇಕಿತ್ತು.

ಪಂಪ್‌ವೆಲ್ ಆಸುಪಾಸಿನ ಮೊಬೈಲ್ ಅಂಗಡಿಗಳಲ್ಲಿ ಕೇಳಿದೆವು. ಒಂದು ಅಂಗಡಿಯ ಅಣ್ಣ ಮೇಲಿನ ಕಪಾಟಿನಿಂದ ಧೂಳು ಹಿಡಿದ ಪ್ಲಾಸ್ಟಿಕ್ ವಿಆರ್ ಬಾಕ್ಸ್ ಒಂದನ್ನು ತೆಗೆದು ಶರ್ಟಿನ ತೋಳಿನಿಂದಲೇ ಒರೆಸಿದರು.

‘ಕೊರೋನಾ ಮೊದಲು ಒಳ್ಳೆ ಹೋಗ್ತಿತ್ತು ಮಾರಾಯ್ರೆ. ಈಗ ಇಯರ್‌ಬಡ್ ಕೇಳ್ತಾರೆ, ಪವರ್‌ಬ್ಯಾಂಕ್ ಕೇಳ್ತಾರೆ. ಇದನ್ನು ಕೇಳಿ ಬಂದವರು ಈ ವರ್ಷ ನೀವೇ ಮೊದಲು.’

ಮುನ್ನೂರು ಕೊಟ್ಟು ತಂದೆವು. ನಮ್ಮ ಮೂವರ ಫೋನಿನಲ್ಲಿ ಎರಡರಲ್ಲಿ ಅದು ಸರಿಯಾಗಿ ನಡೆಯಲೇ ಇಲ್ಲ. ಯಾಕೆ ಎಂದರೆ ತಲೆ ಎಷ್ಟು ತಿರುಗಿತು ಎಂದು ಫೋನಿಗೆ ಗೊತ್ತಾಗಬೇಕಾದರೆ ಅದರೊಳಗೆ ‘ಜೈರೋಸ್ಕೋಪ್’ ಎಂಬ ಸಣ್ಣ ಸಾಧನ ಇರಬೇಕು. ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ಅದನ್ನು ಹಾಕಿರುವುದಿಲ್ಲ.

ನೀವು ಕೊಳ್ಳುವ ಮೊದಲು ಮನೆಯಲ್ಲೇ ಪರೀಕ್ಷೆ ಮಾಡಿ. ಯೂಟ್ಯೂಬ್‌ನಲ್ಲಿ 360 ಡಿಗ್ರಿ ವಿಡಿಯೋ ಒಂದನ್ನು ಹಾಕಿ, ಫೋನ್ ಹಿಡಿದು ನಿಧಾನವಾಗಿ ಸುತ್ತ ತಿರುಗಿ. ಚಿತ್ರವೂ ನಿಮ್ಮ ಜೊತೆ ನಯವಾಗಿ ತಿರುಗಿದರೆ ಜೈರೋಸ್ಕೋಪ್ ಉಂಟು. ಬೆರಳಿನಿಂದ ಎಳೆದರೆ ಮಾತ್ರ ತಿರುಗುತ್ತದೆ ಎಂದಾದರೆ ಇಲ್ಲ. ಹೀಗೆ ಮುನ್ನೂರು ರೂಪಾಯಿ ಉಳಿಯುತ್ತದೆ.

ಜೈರೋಸ್ಕೋಪ್ ಇದ್ದರೂ ಫೋನಿನ ವಿಆರ್‌ಗೆ ಒಂದು ಮಿತಿ ಉಂಟು. ನೀವು ತಲೆ ತಿರುಗಿಸಿದ್ದು ಅದಕ್ಕೆ ಗೊತ್ತಾಗುತ್ತದೆ, ಒಂದು ಹೆಜ್ಜೆ ಮುಂದೆ ಇಟ್ಟದ್ದು ಗೊತ್ತಾಗುವುದಿಲ್ಲ. ಬಗ್ಗಿದ್ದು ಗೊತ್ತಾಗುವುದಿಲ್ಲ. ಕೈ ಎಲ್ಲಿದೆ ಎಂದೂ ಗೊತ್ತಾಗುವುದಿಲ್ಲ. ಕ್ವೆಸ್ಟ್‌ನಂಥವುಗಳಲ್ಲಿ ಹೊರಗೆ ಕ್ಯಾಮೆರಾಗಳು ಇರುತ್ತವೆ. ಅವು ಕೋಣೆಯನ್ನೂ ಕೈಯನ್ನೂ ಗುರುತು ಹಿಡಿಯುತ್ತವೆ. ಆದ್ದರಿಂದಲೇ ‘ಬೀಟ್ ಸೇಬರ್’ ಎಂಬ ಆಟದಲ್ಲಿ ಹಾಡಿನ ತಾಳಕ್ಕೆ ಹಾರಿ ಬರುವ ಕಟ್ಟಿಗೆ ತುಂಡಿನಂಥವುಗಳನ್ನು ಎರಡೂ ಕೈಯಿಂದ ಕಡಿಯಬಹುದು. ಮುನ್ನೂರರ ಡಬ್ಬಿಯಲ್ಲಿ ನೋಡಬಹುದು, ಆಡಲಿಕ್ಕೆ ಹೆಚ್ಚೇನೂ ಇಲ್ಲ. ಅದನ್ನೇ ವಿಆರ್ ಎಂದುಕೊಂಡು ‘ಇಷ್ಟೆಯಾ’ ಎಂದು ಕೈಬಿಟ್ಟವರು ಎಷ್ಟೋ ಜನ.

‘ನೀವೆಲ್ಲ ಎಲ್ಲಿ ಹೋದ್ರಿ?’

ಆ ಡಬ್ಬಿಯನ್ನೇ ಒಂದು ಭಾನುವಾರ ಮಾವನ ಮನೆಗೆ ತೆಗೆದುಕೊಂಡು ಹೋದೆವು. ಸರಿಯಾಗಿ ನಡೆಯುತ್ತಿದ್ದ ಆ ಒಂದು ಫೋನನ್ನು ಒಳಗಿಟ್ಟು ಸಮುದ್ರದ ಅಡಿಯ ವಿಡಿಯೋ ಹಾಕಿದೆವು. ಮನೆಯವರೆಲ್ಲ ಸರದಿಯಲ್ಲಿ ನೋಡಿದರು. ಕೊನೆಗೆ ಅಜ್ಜಿಯ ಸರದಿ.

ಅಜ್ಜಿ ಮೊದಲು ಗಾಬರಿಯಲ್ಲಿ ಬೆಂಚಿನ ತುದಿ ಗಟ್ಟಿ ಹಿಡಿದರು. ಮತ್ತೆ ನಿಧಾನವಾಗಿ ಕತ್ತು ಮೇಲೆ ಮಾಡಿದರು, ಎಡಕ್ಕೆ ತಿರುಗಿದರು. ‘ಓ ಅಲ್ಲಿ, ದೊಡ್ಡದು, ದೊಡ್ಡದು’ ಎಂದು ಕೈ ಚಾಚಿದರು. ನಾವು ನಕ್ಕೆವು. ಏನು ದೊಡ್ಡದು ಎಂದು ನಮಗೆ ಕಾಣುತ್ತಿರಲಿಲ್ಲ. ಒಂದು ನಿಮಿಷ ಕಳೆದಿರಬಹುದು, ಅಜ್ಜಿ ಸುಮ್ಮನಾದರು. ಮತ್ತೆ ಕೇಳಿದರು:

‘ನೀವೆಲ್ಲ ಎಲ್ಲಿ ಹೋದ್ರಿ?’

ನಾವು ಅಲ್ಲೇ ಇದ್ದೆವು, ಒಂದು ಮಾರು ದೂರದಲ್ಲಿ. ಅವರು ಡಬ್ಬಿ ತೆಗೆದು ಒಬ್ಬೊಬ್ಬರ ಮುಖವನ್ನೂ ನೋಡಿದರು. ‘ಚಂದ ಉಂಟು, ಆದ್ರೆ ಒಬ್ಬಳೇ ನೋಡಿ ಎಂಥ ಮಾಡ್ಲಿಕ್ಕೆ’ ಎಂದು ಒಳಗೆ ಹೋಗಿ ವೀಳ್ಯದೆಲೆಗೆ ಸುಣ್ಣ ಹಚ್ಚಲಿಕ್ಕೆ ಕೂತರು.

ನಾವು ಓದಿದ ಅಂಕಿಅಂಶಗಳೂ ಹೆಚ್ಚುಕಡಿಮೆ ಅಜ್ಜಿಯ ಮಾತನ್ನೇ ಹೇಳುತ್ತವೆ. 2019ರ ಕೊನೆಗೆ ಜಗತ್ತಿನಲ್ಲಿ ಹತ್ತು ಕೋಟಿಗೂ ಹೆಚ್ಚು ಪ್ಲೇಸ್ಟೇಷನ್ 4 ಮಾರಾಟ ಆಗಿದ್ದವು. ಅದಕ್ಕೆ ಜೋಡಿಸುವ ವಿಆರ್ ಹೆಡ್‌ಸೆಟ್ ಮಾರಾಟ ಆದದ್ದು 50 ಲಕ್ಷ. ಅಂದರೆ ಕೈಯಲ್ಲಿ ದುಡ್ಡೂ ಇದ್ದು ಆಟದ ಮರುಳೂ ಇದ್ದ ಇಪ್ಪತ್ತು ಜನರಲ್ಲಿ ಒಬ್ಬರು ಮಾತ್ರ ತೆಗೆದುಕೊಂಡರು. ಕಂಪ್ಯೂಟರ್ ಆಟಗಳ ದೊಡ್ಡ ಅಂಗಡಿ ಸ್ಟೀಮ್ ಪ್ರತಿ ತಿಂಗಳು ಮಾಡುವ ಸಮೀಕ್ಷೆಯಲ್ಲೂ ವಿಆರ್ ಇರುವವರು ನೂರಕ್ಕೆ ಎರಡರ ಆಸುಪಾಸು. ಅಲ್ಲಿ ಬೆಲೆ ಅಡ್ಡಿ ಆದದ್ದು ಎಂದು ಹೇಳಲಿಕ್ಕೆ ಬರುವುದಿಲ್ಲ. ದಿನದ ಕೆಲಸ ಮುಗಿಸಿ ಬಂದವರಿಗೆ ಮನೆಯವರ ಎದುರು ಕಣ್ಣು ಮುಚ್ಚಿಕೊಂಡು, ಎದ್ದು ನಿಂತು, ಕೈ ಬೀಸಿ ಆಡುವ ಉಮೇದು ದಿನಾ ಇರುವುದಿಲ್ಲ. ಫೋನಿನ ಆಟವನ್ನು ಬಸ್ಸಿಗೆ ಕಾಯುವಾಗಲೂ ಆಡಬಹುದು, ಅಮ್ಮ ಕರೆದರೆ ಕೂಡಲೇ ಕಿಸೆಗೆ ಹಾಕಬಹುದು.

ಡಬ್ಬಿಯ ಬೆಲೆ ಆದ ಮೇಲಿನ ಖರ್ಚು

ಹೆಡ್‌ಸೆಟ್ ತಂದ ಮೇಲೆ ಏನೇನು ಬೇಕು ಎಂಬುದನ್ನು ಯಾರೂ ಜಾಹೀರಾತಿನಲ್ಲಿ ಹೇಳುವುದಿಲ್ಲ. ಮಾವನ ಮನೆಯನ್ನೇ ಎದುರಿಟ್ಟುಕೊಂಡು ನಾವು ಪಟ್ಟಿ ಮಾಡಿದೆವು.

ಒಂದು, ಜಾಗ. ನಿಂತು ಆಡಲಿಕ್ಕೆ ಆರೂವರೆ ಅಡಿ ಉದ್ದ, ಅಷ್ಟೇ ಅಗಲದ ಖಾಲಿ ನೆಲ ಬೇಕು. ಮಾವನ ಮನೆಯ ಒಳಗೆ ಅಷ್ಟು ಖಾಲಿ ಜಾಗ ಇಲ್ಲ, ಒಂದು ಕಡೆ ಅಡಿಕೆ ಗೋಣಿ, ಒಂದು ಕಡೆ ಮಂಚ. ಅಂಗಳದಲ್ಲಿ ಉಂಟು, ಆದರೆ ಬಿಸಿಲಿನಲ್ಲಿ ಹೆಡ್‌ಸೆಟ್ಟಿನ ಕ್ಯಾಮೆರಾಗಳು ಸರಿಯಾಗಿ ಕೆಲಸ ಮಾಡುವುದಿಲ್ಲ.

ಎರಡು, ಬಿಸಿಲು. ಹೆಡ್‌ಸೆಟ್ಟಿನ ಮಸೂರದ ಮೇಲೆ ನೇರ ಬಿಸಿಲು ಬಿದ್ದರೆ ಭೂತಕನ್ನಡಿಯಿಂದ ಕಾಗದ ಸುಟ್ಟ ಹಾಗೆ ಒಳಗಿನ ಪರದೆ ಸುಟ್ಟು ಕಲೆ ಆಗುತ್ತದೆ. ನಮ್ಮ ಕಡೆಯ ಹಂಚಿನ ಮನೆಗಳಲ್ಲಿ ಬೆಳಕಿಗೆಂದು ಗಾಜಿನ ಹಂಚು ಹಾಕಿರುತ್ತಾರೆ. ಅದರ ಕೆಳಗೆ ಒಂದು ಮಧ್ಯಾಹ್ನ ಮರೆತು ಇಟ್ಟರೆ 25,000 ರೂಪಾಯಿ ಹೋಯಿತು.

ಮೂರು, ಬೆವರು. ಅರ್ಧ ಕೆಜಿ ತೂಕದ ವಸ್ತು ಮುಖಕ್ಕೆ ಒತ್ತಿ ಕೂತಿರುತ್ತದೆ. ಏಪ್ರಿಲ್, ಮೇ ತಿಂಗಳ ಕರಾವಳಿಯ ಸೆಕೆಯಲ್ಲಿ ಹತ್ತು ನಿಮಿಷಕ್ಕೆ ಗಾಜಿಗೆ ಆವಿ ಹಿಡಿಯುತ್ತದೆ.

ನಾಲ್ಕು, ಆಟದ ಬೆಲೆ. ಫೋನಿನಲ್ಲಿ ಆಟಗಳು ಪುಕ್ಕಟೆ ಸಿಕ್ಕಿ ನಮಗೆ ಅಭ್ಯಾಸ. ಇಲ್ಲಿ ಒಳ್ಳೆಯ ಆಟಕ್ಕೆ ದುಡ್ಡು ಕೊಡಬೇಕು. ಬೀಟ್ ಸೇಬರ್ ಒಂದಕ್ಕೇ 30 ಡಾಲರ್, ಅಂದರೆ ಎರಡೂವರೆ ಸಾವಿರ ರೂಪಾಯಿ. ಡೌನ್‌ಲೋಡ್ ಮಾಡಲಿಕ್ಕೆ ದಿನದ ಒಂದೂವರೆ ಜಿಬಿ ಸಾಕಾಗುವುದಿಲ್ಲ.

ಐದು, ರಿಪೇರಿ. ಗಲ್ಫ್‌ನ ಬಿಲ್ಲು ಇಲ್ಲಿ ನಡೆಯುವುದು ಕಷ್ಟ. ನಾವು ಕೇಳಿದ ಯಾವ ಮೊಬೈಲ್ ಅಂಗಡಿಯವರೂ ‘ಬಿಚ್ಚಿ ನೋಡುವ’ ಎನ್ನಲಿಲ್ಲ.

ಆರು, ಆಯಸ್ಸು. 2019ರಲ್ಲಿ 399 ಡಾಲರ್ ಕೊಟ್ಟು ಮೊದಲ ಕ್ವೆಸ್ಟ್ ತೆಗೆದುಕೊಂಡವರಿಗೆ 2024ರ ಹೊತ್ತಿಗೆ ಕಂಪನಿ ಅಪ್‌ಡೇಟ್ ನಿಲ್ಲಿಸಿತು. ಐದು ವರ್ಷ. ಅತ್ತೆಯ ಮನೆಯ ಗ್ರೈಂಡರಿಗೆ ಇಪ್ಪತ್ತು ಆಯಿತು, ಈಗಲೂ ಇಡ್ಲಿ ಹಿಟ್ಟು ಕಡೆಯುತ್ತದೆ.

ತಲೆ ತಿರುಗುವ ವಿಷಯವನ್ನೂ ಹೇಳಬೇಕು. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಬಸ್ಸಿನಲ್ಲಿ ಕೆಲವರಿಗೆ ವಾಂತಿ ಬರುತ್ತದಲ್ಲ, ಅದರದ್ದೇ ತಿರುಗುಮುರುಗು ಇದು. ಘಾಟಿಯಲ್ಲಿ ಕಿವಿಯ ಒಳಗಿನ ಸಮತೋಲನದ ಅಂಗಕ್ಕೆ ‘ಓಡುತ್ತಿದ್ದೇವೆ’ ಎಂದು ಗೊತ್ತಾಗುತ್ತದೆ, ಕಣ್ಣು ಮಾತ್ರ ಎದುರಿನ ಸೀಟನ್ನೇ ನೋಡುತ್ತಿರುತ್ತದೆ. ವಿಆರ್‌ನಲ್ಲಿ ಕಣ್ಣು ಓಡುತ್ತದೆ, ಕಿವಿ ‘ಇಲ್ಲ, ಇಲ್ಲೇ ಇದ್ದೇವೆ’ ಎನ್ನುತ್ತದೆ. ಎರಡರ ಜಗಳ ಹೊಟ್ಟೆಗೆ ಬರುತ್ತದೆ. ಮಕ್ಕಳಿಗೆ ಕೊಡುವವರು ಇನ್ನೊಂದು ತಿಳಿದಿರಬೇಕು. ಹತ್ತು ವರ್ಷದೊಳಗಿನವರಿಗೆ ಕ್ವೆಸ್ಟ್ ಬೇಡ ಎಂದು ತಯಾರಿಸಿದ ಕಂಪನಿಯೇ ಹೇಳಿದೆ.

ಹಾಲಿನ ಲೆಕ್ಕ

ಮಾವನಿಗೆ ಡಾಲರ್ ಹೇಳಿ ಪ್ರಯೋಜನ ಇಲ್ಲ. ಹಾಲಿನಲ್ಲಿ ಲೆಕ್ಕ ಹಾಕಿದೆವು. ಡೇರಿಯಲ್ಲಿ ಲೀಟರಿಗೆ 35 ರೂಪಾಯಿ ಎಂದು ಇಟ್ಟುಕೊಂಡರೂ 25,000 ರೂಪಾಯಿಗೆ 714 ಲೀಟರ್ ಹಾಲು ಆಗುತ್ತದೆ. ದಿನಕ್ಕೆ ಹತ್ತು ಲೀಟರ್ ಹಾಕುವ ಮನೆಗೆ ಎಪ್ಪತ್ತೊಂದು ದಿನದ ಹಾಲು. ಹಿಂಡಿ, ಹುಲ್ಲು, ಡಾಕ್ಟರ ಖರ್ಚು ಇದರಲ್ಲಿ ಸೇರಿಸಿಲ್ಲ.

ಇನ್ನೊಂದು ಲೆಕ್ಕ ಗಂಟೆಯದ್ದು. ಹುಡುಗ ಎರಡು ತಿಂಗಳು ದಿನಾ ಅರ್ಧ ಗಂಟೆ ಆಡಿ ಮತ್ತೆ ಬೇಸರ ಬಂದು ಬಿಟ್ಟ ಎಂದುಕೊಳ್ಳಿ. ಒಟ್ಟು 30 ಗಂಟೆ. ಗಂಟೆಗೆ 833 ರೂಪಾಯಿ ಬಿತ್ತು. ಮಂಗಳೂರಿನ ಒಂದು ಮಾಲ್‌ನಲ್ಲಿ ನಾವು ಐದು ನಿಮಿಷದ ವಿಆರ್ ಆಟಕ್ಕೆ 150 ರೂಪಾಯಿ ಕೊಟ್ಟಿದ್ದೆವು. ಅದು ಗಂಟೆಗೆ 1,800 ಆಗುತ್ತದೆ. ಹಾಗೆ ನೋಡಿದರೆ ಮನೆಯದ್ದೇ ಅಗ್ಗ. ಆದರೆ ಮಾಲ್‌ನಲ್ಲಿ ಕೈಯಿಂದ ಹೋದದ್ದು 150 ಮಾತ್ರ.

ಈ ಎರಡು ಲೆಕ್ಕದ ನಡುವೆ ಮೂರನೆಯದೊಂದು ಉಂಟು. ಅದನ್ನು ಹೇಳುವ ಮೊದಲು ನಮ್ಮ ಊರುಗಳಿಗೆ ಈ ಮೊದಲಿನ ಯಂತ್ರಗಳು ಹೇಗೆ ಬಂದವು ಎಂದು ನೆನಪು ಮಾಡಿಕೊಳ್ಳಬೇಕು.

ಫೋನ್ ಬಂದ ದಾರಿ, ಟಿವಿ ಬಂದ ದಾರಿ

ಭಾರತದ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಕಲ್ಕತ್ತಾದಿಂದ ದೆಹಲಿಗೆ. ಆಗ ನಿಮಿಷಕ್ಕೆ 16 ರೂಪಾಯಿವರೆಗೆ ದರ. 2003ರಲ್ಲಿ ರಿಲಯನ್ಸ್ 501 ರೂಪಾಯಿ ಕಟ್ಟಿದವರ ಕೈಗೆ ಫೋನ್ ಕೊಟ್ಟಿತು. ಅದೇ ವರ್ಷ ಬರುವ ಕರೆಗಳು ಉಚಿತ ಆದವು. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂದು ಡೇಟಾವನ್ನು ನೀರಿನಂತೆ ಹರಿಸಿತು.

ಆದರೆ ನಮ್ಮ ಅಪ್ಪಂದಿರು ಫೋನ್ ತೆಗೆದುಕೊಂಡದ್ದು ಆಟ ಆಡಲಿಕ್ಕೆ ಅಲ್ಲ. ಮುಂಬಯಿಯಲ್ಲಿ ಹೋಟೆಲ್ ಕೆಲಸದಲ್ಲಿದ್ದ ಅಣ್ಣನ ಹತ್ತಿರ ಮಾತಾಡಲಿಕ್ಕೆ, ಅಡಿಕೆ ದರ ಕೇಳಲಿಕ್ಕೆ, ರಾತ್ರಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಜೀಪು ಕರೆಯಲಿಕ್ಕೆ. ಆಟ ಅದರ ಬೆನ್ನು ಹತ್ತಿ ಪುಕ್ಕಟೆ ಮನೆಗೆ ಬಂತು. ವಿಆರ್‌ಗೆ ಹಾಗೆ ಹೊತ್ತು ತರುವ ಬೆನ್ನು ಇಲ್ಲ. ಆಟವೇ ಅದರ ಮುಖ್ಯ ಕೆಲಸ. ಬೆಲೆ ಹತ್ತು ಸಾವಿರಕ್ಕೆ ಇಳಿದರೂ ಅದು ಫೋನಿನ ಹಾಗೆ ಮನೆಮನೆಗೆ ಹಬ್ಬುತ್ತದೆ ಎಂದು ನಮಗೆ ಅನಿಸುವುದಿಲ್ಲ.

ಟಿವಿ ಬಂದ ದಾರಿ ಬೇರೆ. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಊರಿಗೆ ಒಂದೋ ಎರಡೋ ಟಿವಿ. ಭಾನುವಾರ ಬೆಳಿಗ್ಗೆ ಆ ಮನೆಯ ಜಗಲಿಯಲ್ಲಿ ಕಾಲಿಡಲಿಕ್ಕೆ ಜಾಗ ಇರುತ್ತಿರಲಿಲ್ಲ ಎಂದು ನಮ್ಮ ಅಮ್ಮಂದಿರು ಈಗಲೂ ಹೇಳುತ್ತಾರೆ. ದೂರದ ಊರಿಗೆ ಫೋನ್ ಮಾಡಲಿಕ್ಕೆ ಪೇಟೆಯ ಎಸ್‌ಟಿಡಿ ಬೂತ್. ಇಂಟರ್‌ನೆಟ್ ಎಂದರೆ ಗಂಟೆಗೆ ಇಷ್ಟು ಎಂದು ಕೊಟ್ಟು ಕೂರುವ ಸೈಬರ್ ಕೆಫೆ. ಎಷ್ಟೋ ಯಂತ್ರಗಳು ನಮಗೆ ಮೊದಲು ಸಿಕ್ಕಿದ್ದು ಹತ್ತು ಜನರ ನಡುವೆ, ಸರದಿಯಲ್ಲಿ.

ಒಟ್ಟಿಗೆ ನೋಡುವ ವಿಆರ್‌ನಂಥದ್ದು ನಮ್ಮ ಹತ್ತಿರವೇ ಒಂದು ಉಂಟು. ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯ 2018ರಲ್ಲಿ ಶುರುವಾಯಿತು. 3ಡಿ ಕನ್ನಡಕ ಹಾಕಿ ಗುಮ್ಮಟದ ಕೆಳಗೆ ಒರಗಿ ಕೂತರೆ ಗ್ರಹಗಳು ತಲೆಯ ಮೇಲೆಯೇ ಬಂದ ಹಾಗೆ ಆಗುತ್ತದೆ. ಅದರ ಯಂತ್ರಗಳ ಬೆಲೆ ಕೋಟಿಗಳಲ್ಲಿ. ಆದರೆ ಶಾಲೆಯ ಮಗು ಟಿಕೆಟಿನ ದುಡ್ಡಿಗೆ ಅದನ್ನು ನೋಡಿ ಬರುತ್ತದೆ. ಮತ್ತೆ ಪಕ್ಕದಲ್ಲಿ ಕೂತ ಗೆಳತಿಯ ಕೈ ಹಿಡಿದು ಕಿರುಚಬಹುದು.

ನಮ್ಮ ಮೂರನೆಯ ಲೆಕ್ಕ ಇದೇ. ಒಂದು ಯುವಕ ಮಂಡಲದ 25 ಜನ ತಲಾ ಸಾವಿರ ಹಾಕಿದರೆ ಒಂದು ಹೆಡ್‌ಸೆಟ್. ಒಬ್ಬ ಆಡುವಾಗ ಅವನಿಗೆ ಕಾಣುವುದನ್ನೇ ಟಿವಿಗೂ ಕಳಿಸಬಹುದು, ಆಗ ಉಳಿದ 24 ಜನ ನೋಡಿ ನಗಬಹುದು, ‘ಎಡಕ್ಕೆ, ಎಡಕ್ಕೆ’ ಎಂದು ಬೊಬ್ಬೆ ಹಾಕಬಹುದು. ಅಜ್ಜಿ ಕೇಳಿದ ಪ್ರಶ್ನೆಗೆ ಆಗ ಸ್ವಲ್ಪವಾದರೂ ಉತ್ತರ ಸಿಗುತ್ತದೆ. ಚೌತಿಯ ಗಣಪತಿ ಪೆಂಡಾಲಿನ ಬದಿಯಲ್ಲಿ ಸರದಿಗೆ ಇಪ್ಪತ್ತು ರೂಪಾಯಿ ಇಟ್ಟರೆ ಹಾಕಿದ ದುಡ್ಡಿನಲ್ಲಿ ಒಂದಷ್ಟು ತಿರುಗಿಯೂ ಬರುತ್ತದೆ.

ಹುಡುಗ ಹೇಳಿದ್ದು

ಇಷ್ಟೆಲ್ಲ ಲೆಕ್ಕ ಹಿಡಿದು ಹುಡುಗನ ಹತ್ತಿರ ಕೂತೆವು. ಅವನು ಎಲ್ಲವನ್ನೂ ಕೇಳಿದ. ಮತ್ತೆ ತಲೆ ತಗ್ಗಿಸಿ ಹೇಳಿದ:

‘ಅಣ್ಣ, ನನಗೆ ಆಡ್ಲಿಕ್ಕೆ ಅಲ್ಲ. ಆಟ ಮಾಡ್ಲಿಕ್ಕೆ ಕಲಿಬೇಕು. ಅಪ್ಪನ ಹತ್ರ ಹಾಗೆ ಹೇಳಿದ್ರೆ ಅರ್ಥ ಆಗುದಿಲ್ಲ.’

ಇದನ್ನು ಮಾವನೂ ಕೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಅವನ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಕಂಬಳದ ಗದ್ದೆಯ ಚಿತ್ರ ಇತ್ತು. ಓಟಗಾರನ ಕಣ್ಣಿಗೆ ಕೋಣಗಳ ಬೆನ್ನು ಹೇಗೆ ಕಾಣುತ್ತದೆ, ಕೆಸರು ನೀರು ಎಷ್ಟು ಎತ್ತರಕ್ಕೆ ಹಾರಬೇಕು ಎಂದೆಲ್ಲ ಪೆನ್ಸಿಲಿನಲ್ಲಿ ಬರೆದಿದ್ದ.

ಅಂಥ ಕೆಲಸಕ್ಕೆ ನಮ್ಮ ರಾಜ್ಯದಲ್ಲಿ ದಾರಿ ಇಲ್ಲದೇ ಇಲ್ಲ. ಅನಿಮೇಷನ್ ಮತ್ತು ಆಟಗಳ ಉದ್ಯಮಕ್ಕೆಂದು 2012ರಲ್ಲೇ ನೀತಿ ತಂದದ್ದು ಕರ್ನಾಟಕ. ಈಗ 2024ರಿಂದ 2029ರವರೆಗಿನ ಹೊಸ ನೀತಿಯಲ್ಲಿ ವಿಆರ್‌ನಂಥ ತಂತ್ರಜ್ಞಾನವನ್ನೂ ಸೇರಿಸಿದ್ದಾರೆ. ಆದರೆ ಅದರ ಕೆಲಸ, ತರಬೇತಿ ಹೆಚ್ಚಿನದೂ ಬೆಂಗಳೂರಿನಲ್ಲೇ. ಹಳ್ಳಿಯ ಹುಡುಗ ಕಲಿಯುವುದನ್ನು ಮನೆಯಲ್ಲೇ ಶುರು ಮಾಡಬೇಕು. ಅದಕ್ಕೆ ಮೊದಲು ಬೇಕಾದದ್ದು ಕಂಪ್ಯೂಟರ್. ಬ್ಲೆಂಡರ್, ಗೊಡೊ ಎಂಬ ಸಾಫ್ಟ್‌ವೇರ್‌ಗಳು ಪೂರ್ತಿ ಉಚಿತ. ಹಲವು ಆಟಗಳನ್ನು ಮಾಡಲು ಬಳಸುವ ಯೂನಿಟಿ ಕೂಡ ಕಲಿಯುವವರಿಗೆ ದುಡ್ಡಿಲ್ಲದೆ ಸಿಗುತ್ತದೆ. ಹೆಡ್‌ಸೆಟ್ ಇಲ್ಲದೆಯೂ ವಿಆರ್ ಆಟದ ಕೆಲಸ ಶುರು ಮಾಡಿ, ಕಂಪ್ಯೂಟರಿನ ಪರದೆಯಲ್ಲೇ ಪರೀಕ್ಷಿಸಬಹುದು.

ಮಾವನಿಗೆ ನಾವು ಹೇಳಿದ್ದು ಇಷ್ಟು. 25,000 ರೂಪಾಯಿಯ ಹೆಡ್‌ಸೆಟ್ ಈಗ ಬೇಡ. ಅದೇ ದುಡ್ಡಿಗೆ ಒಂದು ಸುಮಾರಾದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಬರುತ್ತದೆ. ಹುಡುಗನ ಓದಿಗೂ ಆಯಿತು, ಸೊಸೈಟಿಯ ಅರ್ಜಿಗೂ ಆಯಿತು, ಅವನ ಕಂಬಳಕ್ಕೂ ಆಯಿತು.

ಮಾವ ತುಂಬ ಹೊತ್ತು ಮಾತಾಡಲಿಲ್ಲ. ಮತ್ತೆ ಮಗನ ನೋಟ್‌ಬುಕ್ ತೆಗೆದುಕೊಂಡು ನೋಡಿದರು. ‘ಕೋಣದ ಕೊಂಬು ಹೀಗೆ ಇರುದಿಲ್ಲ ಮಾರಾಯ, ಸ್ವಲ್ಪ ಹಿಂದೆ ಬಾಗ್ಬೇಕು’ ಎಂದರು. ಹೋದ ವಾರ ಇಬ್ಬರೂ ಬಂದು ಪಂಪ್‌ವೆಲ್‌ನಲ್ಲಿ ಇಳಿದರು. ನಾವೂ ಜೊತೆಗೆ ಹೋಗಿ ಮೂರು ಅಂಗಡಿ ನೋಡಿ 23,500ಕ್ಕೆ ಒಂದು ಲ್ಯಾಪ್‌ಟಾಪ್ ಮುಗಿಸಿದೆವು.

ಪಂಚಾಯತಿಗೆ ಒಂದು ಮಾತು

ಆದರೆ ಲ್ಯಾಪ್‌ಟಾಪ್‌ನಲ್ಲಿ ಆಟ ಮಾಡಿದ ಹುಡುಗ ಅದನ್ನು ಒಂದು ದಿನ ಕಣ್ಣಿಗೆ ಕಟ್ಟಿ ನೋಡಲೇಬೇಕಲ್ಲ. ಅದಕ್ಕೆ ಅವನು ಎಲ್ಲಿಗೆ ಹೋಗಬೇಕು? ಐದು ನಿಮಿಷಕ್ಕೆ 150 ಕೊಟ್ಟು, ಅದರ ಮೇಲೆ ಬಸ್ಸಿನ ದುಡ್ಡು ಕೊಟ್ಟು ಮಂಗಳೂರಿನ ಮಾಲ್‌ಗಾ? ಅಲ್ಲಿ ಅವನ ಆಟವನ್ನು ಯಾರು ಹಾಕಿ ಕೊಡುತ್ತಾರೆ?

ನಮ್ಮ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ ಆಗಿವೆ. ಎಷ್ಟೋ ಕಡೆ ಕಂಪ್ಯೂಟರ್ ಬಂದಿದೆ, ಟಿವಿ ಬಂದಿದೆ, ಸಂಜೆ ಮಕ್ಕಳು ಬಂದು ಕೂರುತ್ತಾರೆ. ಊರಿಗೊಂದು ಬೇಡ, ತಾಲೂಕಿಗೆ ಒಂದು ಹೆಡ್‌ಸೆಟ್ ಇಟ್ಟರೂ ಸಾಕು. ತಿಂಗಳಿಗೆ ಒಂದು ಅರಿವು ಕೇಂದ್ರಕ್ಕೆ ಅದು ಹೋಗಲಿ. ಹೆಸರು ಬರೆಸಿ ಹತ್ತು ಹತ್ತು ನಿಮಿಷ ಸರದಿ. ಹುಡುಗರಿಗಿಂತ ಮೊದಲು ಹುಡುಗಿಯರ ಹೆಸರು ಬರೆಯಲಿ, ಯಾಕೆಂದರೆ ಮನೆಯಲ್ಲಿ ಫೋನ್ ಅವರ ಕೈಗೆ ಬರುವುದೇ ಎಲ್ಲರದ್ದೂ ಆದ ಮೇಲೆ. ಒರೆಸಲಿಕ್ಕೆ ಒಂದು ಬಟ್ಟೆ, ಇಡಲಿಕ್ಕೆ ಬಿಸಿಲು ಬೀಳದ ಒಂದು ಕಪಾಟು ಇದ್ದರೆ ಆಯಿತು.

ಬೆಲೆ ಇನ್ನೂ ಇಳಿಯಲಿ ಎಂದು ಕಾಯುತ್ತಾ ಕೂತರೆ ಇನ್ನೊಂದು ಹತ್ತು ವರ್ಷ ಹೋದೀತು. ಗ್ರಾಮಸಭೆ ಅದಕ್ಕಿಂತ ಮೊದಲೇ ಬರುತ್ತದೆ. ನಿಮ್ಮ ಊರಿನ ಅರಿವು ಕೇಂದ್ರದಲ್ಲಿ ಈಗ ಏನೇನು ಉಂಟು, ಅದರಲ್ಲಿ ಯಾವುದು ಕೆಲಸ ಮಾಡುತ್ತದೆ ಎಂದು ಮೊದಲು ಹೋಗಿ ನೋಡಿ ಬನ್ನಿ. ಮಾವ ತಮ್ಮ ಊರಿನ ಸಭೆಯಲ್ಲಿ ಕೇಳುತ್ತೇನೆ ಎಂದಿದ್ದಾರೆ. ‘ವಿಆರ್ ಅಂದ್ರೆ ಅವರಿಗೆ ಗೊತ್ತಾಗ್ಲಿಕ್ಕಿಲ್ಲ, ಅಜ್ಜಿ ಹೇಳಿದ ಹಾಗೆ ಸಮುದ್ರ ಕಾಣುವ ಡಬ್ಬಿ ಅಂತ ಹೇಳ್ತೇನೆ’ ಎಂದರು.